ಕೇಳದೆ ಬಡಿಸುವ ಮನೆ

ಉಣ್ಣಲು ಕೂತವರನ್ನು ‘ಇನ್ನೊಂದು ರೊಟ್ಟಿ ಹಾಕಲಾ?’ ಎಂದು ಕೇಳಬೇಕೋ, ಕೇಳದೆಯೇ ಹಾಕಿಬಿಡಬೇಕೋ ಎಂಬುದು ಮನುಷ್ಯಕುಲ ಇನ್ನೂ ಇತ್ಯರ್ಥ ಮಾಡಿಕೊಳ್ಳದ ಗಹನ ಪ್ರಶ್ನೆಗಳಲ್ಲೊಂದು. ದಾವಣಗೆರೆಯ ಅಣಜಿ ಮನೆತನದವರು ಮಾತ್ರ ಅದನ್ನು ನಾಲ್ಕು ತಲೆಮಾರಿನ ಹಿಂದೆಯೇ ಇತ್ಯರ್ಥ ಮಾಡಿ ಮುಗಿಸಿದ್ದರು. ಕೇಳಬಾರದು. ಕೇಳಿದರೆ ಉಣ್ಣುವವನು ಸಂಕೋಚಕ್ಕೆ ಬೇಡ ಎಂದಾನು. ಬೇಡ ಎಂದವನು ಅರೆಹೊಟ್ಟೆಯಲ್ಲಿ ಎದ್ದಾನು. ಅರೆಹೊಟ್ಟೆಯಲ್ಲಿ ಎದ್ದವನು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮನೆಯ ಹೆಸರು ನೆಲ ಮುಟ್ಟಿರುತ್ತದೆ. ಈ ತೀರ್ಮಾನದ ಹೊಟ್ಟೆಯಿಂದ ಇನ್ನೆರಡು ಕಟ್ಟಳೆ ಹುಟ್ಟಿದವು. ನಮ್ಮಲ್ಲಿ ಉಂಡವರನ್ನು ಮುಂದೆಂದೂ ಏನನ್ನೂ ಕೇಳಬಾರದು. ಪಂಕ್ತಿಯಲ್ಲಿ ಕೂತವರು ಏನು ಕೇಳಿದರೂ ಇಲ್ಲ ಎನ್ನಬಾರದು. ಹೆಸರು ಗಂಡಸರದು, ರೊಟ್ಟಿ ತಟ್ಟುವ ಕೈ ಹೆಂಗಸರದು ಎಂಬುದನ್ನು ಯಾರೂ ಕಟ್ಟಳೆ ಮಾಡಿರಲಿಲ್ಲ. ಮಾಡುವ ಅಗತ್ಯ ಬಿದ್ದಿರಲಿಲ್ಲ.

ದಾಕ್ಷಾಯಣಿ ಈ ಮನೆಗೆ ಸೊಸೆಯಾಗಿ ಬಂದಾಗ ಊರಿನ ಮನೆಗಳಲ್ಲಿ ಇನ್ನೂ ಒಲೆಗಳಿದ್ದವು. ಅವಳ ಕೂದಲು ನರೆಯುವ ಹೊತ್ತಿಗೆ ಅಡುಗೆಮನೆ ಎಂಬುದು ಹಳೆಯ ಮನೆಗಳ ನಕ್ಷೆಯಲ್ಲಿ ಮಾತ್ರ ಉಳಿದಿತ್ತು. ಹೊತ್ತುಹೊತ್ತಿಗೆ ಮಹಡಿಯ ಕಿಟಕಿಗೆ ಊಟದ ಡಬ್ಬಿ ಹಾರಿಬರುತ್ತಿತ್ತು. ಗಂಡನಿಗೊಂದು ಊರಿನ ಕಾರ್ಖಾನೆಯ ಸಾರು, ಹೆಂಡತಿಗೆ ಇನ್ನೊಂದು ಊರಿನದು. ಅಣಜಿಯವರ ಪಡಸಾಲೆಯಲ್ಲಿ ಮಾತ್ರ ದಿನಕ್ಕೆರಡು ಹೊತ್ತು ಎರಡು ಸಾಲು ಎಲೆ ಬೀಳುತ್ತಿತ್ತು. ಸುತ್ತಲ ಹಳ್ಳಿಗಳಿಂದ ಓದಲು ಬಂದ ಮಕ್ಕಳು ಐದನೇ ಕ್ಲಾಸಿನಿಂದ ಡಿಗ್ರಿಯವರೆಗೆ ಅಲ್ಲೇ ಉಂಡು ದೊಡ್ಡವರಾಗಿ, ಒಬ್ಬ ತಹಶೀಲ್ದಾರನಾಗಿ, ಒಬ್ಬ ವಕೀಲನಾಗಿ, ಹರಿಹರದ ಭರಮಣ್ಣನಂಥವನು ಪೈಲ್ವಾನನಾಗಿ ಹೋಗಿದ್ದರು. ಭರಮಣ್ಣ ಮಾತ್ರ ಹೋದಮೇಲೂ ಬರುತ್ತಿದ್ದ. ಅವನು ಬರುವ ಸುದ್ದಿ ಸಿಕ್ಕರೆ ದಾಕ್ಷಾಯಣಿ ಹಿಟ್ಟಿನ ಕೊಪ್ಪರಿಗೆಯನ್ನೇ ಬದಲಿಸುತ್ತಿದ್ದಳು.

ಸ್ವಂತ ಮಕ್ಕಳಿರಲಿಲ್ಲ. ಆ ವಿಷಯ ಬಂದಾಗಲೆಲ್ಲ ಅವಳ ಗಂಡ ಬಕ್ಕೇಶಪ್ಪ ಪಡಸಾಲೆಯ ಕಡೆ ಕೈ ಬೀಸಿ, “ಉಣ್ಣೋಕೆ ಬರೋರೆಲ್ಲ ನಮ್ಮ ಮಕ್ಕಳೇ” ಎನ್ನುತ್ತಿದ್ದ. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು.

ಅವನಿಗೆ ಐವತ್ತೈದಾದ ವರ್ಷ ಮೂಳೆಯೊಳಗಿನ ಮಜ್ಜೆ ಬತ್ತಿತು.

ಅದಕ್ಕೆ ಮದ್ದಿರಲಿಲ್ಲ, ಯಂತ್ರವಿತ್ತು. ಯಂತ್ರಕ್ಕೆ ಮೂರು ಸಾಲಿನ ಇಂಗ್ಲಿಷ್ ಹೆಸರಿತ್ತು. ಭದ್ರಾ ನಾಲೆಯ ನೀರು ಕುಡಿದ ಊರು ಅದನ್ನು ‘ತೂಬು’ ಎಂದು ಕರೆದು ಕೈತೊಳೆದುಕೊಂಡಿತು. ಒಂದು ಗದ್ದೆಯ ನೀರನ್ನು ಇನ್ನೊಂದು ಗದ್ದೆಗೆ ಬಿಡುವ ತೂಬಿನಂತೆ ಅದು ಒಬ್ಬರ ಆಯಸ್ಸನ್ನು ಇನ್ನೊಬ್ಬರಿಗೆ ಬಿಡುತ್ತಿತ್ತು. ಮೈಯ ಸವೆದ ಭಾಗಗಳನ್ನು ದಿನದಿನವೂ ಹೊಸದು ಮಾಡುವ ಮೂಲಕೋಶಗಳು ಪ್ರತಿಯೊಬ್ಬರಲ್ಲೂ ಇಂತಿಷ್ಟೇ ದಾಸ್ತಾನಿರುತ್ತವೆ. ಆ ದಾಸ್ತಾನನ್ನೇ ಹೀರಿ ಸಾಗಿಸುವುದು ಅದರ ಕೆಲಸ.

ತೂಬು ಬಂದ ವರ್ಷದಿಂದ ಊರಿನಲ್ಲಿ ಒಂದು ಮಾತು ಸದ್ದಿಲ್ಲದೆ ಸತ್ತಿತ್ತು. ಮೊದಲೆಲ್ಲ ಮಗು ಸೀನಿದರೆ ಸಾಕು, ಅಜ್ಜಿಯರು “ನನ್ನ ಆಯಸ್ಸೂ ನಿನಗೇ ಇರಲಿ” ಎನ್ನುತ್ತಿದ್ದರು. ಈಗ “ಚೆನ್ನಾಗಿರಪ್ಪ” ಎಂದು ಸುಮ್ಮನಾಗುತ್ತಿದ್ದರು. ದಾಕ್ಷಾಯಣಿ ಒಬ್ಬಳೇ ಹಳೆಯ ಅಭ್ಯಾಸದ ಮೇಲೆ, ಹಿಂದಿನ ವರ್ಷ ಗಂಡನಿಗೆ ಜ್ವರ ಬಂದಾಗ, ನೆಂಟರೆದುರು ಆ ಮಾತು ಆಡಿಬಿಟ್ಟಿದ್ದಳು.

ತೂಬಿನ ವಿಭಾಗದ ಡಾಕ್ಟರ್ ತಸ್ನೀಮ್ ಬೇರೆ ಊರಿನವರು, ಹೊಸದಾಗಿ ಬಂದವರು. ಮೇಜಿನ ಮೇಲೆ ಅರ್ಧ ತಿಂದ ಡಬ್ಬಿ ಇತ್ತು. ಎದುರು ಬಕ್ಕೇಶಪ್ಪ, ಅವನ ಅಪ್ಪ ಹಾಲಪ್ಪ, ಅವ್ವ ಗೌರಮ್ಮ ಕುರ್ಚಿಯಲ್ಲಿ. ಕುರ್ಚಿ ಸಾಲದ್ದರಿಂದ ದಾಕ್ಷಾಯಣಿ ಗೋಡೆಗೆ ಒರಗಿ ನಿಂತಿದ್ದಳು.

“ರಕ್ತಸಂಬಂಧ ಬೇಕಿಲ್ಲ,” ಎಂದರು ಡಾಕ್ಟರ್. “ಒಂದೇ ಒಲೆಯ ಅನ್ನ ಉಂಡವರಾಗಿರಬೇಕು, ಹತ್ತು ಹನ್ನೆರಡು ವರ್ಷ. ಹಾಗೆ ಉಂಡವರ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಒಂದೇ ಬಳಗ ಆಗ್ತವೆ. ಯಾರು ನಮ್ಮವರು, ಯಾರು ಹೊರಗಿನವರು ಅಂತ ರಕ್ತಕ್ಕೆ ಪಾಠ ಹೇಳೋದು ಆ ಬಳಗವೇ. ಅಂಥವರು ಕೊಟ್ಟಿದ್ದನ್ನ ಮೈ ಒಪ್ಪಿಕೊಳ್ಳುತ್ತೆ.”

“ಎಷ್ಟು ಕೊಡಬೇಕು?” ಎಂದ ಹಾಲಪ್ಪ, ಕುರ್ಚಿಯನ್ನು ಒಂದಿಷ್ಟು ಹಿಂದೆ ಸರಿಸಿ.

“ಹತ್ತು ಜನ ಇದ್ದರೆ ಒಬ್ಬೊಬ್ಬರಿಂದ ಎರಡೆರಡು ವರ್ಷ ಸಾಕು. ಯಾರಿಗೂ ಏನೂ ಆಗಲ್ಲ, ನಾಲ್ಕು ದಿನ ಸುಸ್ತು ಅಷ್ಟೆ. ಒಬ್ಬರೇ ಆದರೆ ಪೂರ್ತಿ ಬೇಕು, ಅರ್ಧಂಬರ್ಧ ಹಾಕಿದರೆ ಬೇರು ಹಿಡಿಯಲ್ಲ. ಪೂರ್ತಿ ಅಂದರೆ ಪೂರ್ತಿ. ಅವರನ್ನ ಒಂದು ತಿಂಗಳು ತಂಪುಕೋಣೆಯಲ್ಲಿ ನಿದ್ದೆಯಲ್ಲಿ ಇಡ್ತೀವಿ, ಪಡೆದವರ ಮೈ ಒಪ್ಪದೆ ಹೋದರೆ ವಾಪಸ್ ಹಾಕಬೇಕಲ್ಲ, ಅದಕ್ಕೆ. ಒಪ್ಪಿತು ಅಂತ ಖಾತ್ರಿ ಆದಮೇಲೆ...” ಡಾಕ್ಟರ್ ಡಬ್ಬಿಯ ಮುಚ್ಚಳ ಮುಚ್ಚಿದರು. “ಈ ಕಾಲದಲ್ಲಿ ಹತ್ತು ಜನ ಎಲ್ಲಿ ಸಿಗ್ತಾರೆ? ಗಂಡ ಹೆಂಡತಿಯೇ ಬೇರೆಬೇರೆ ಡಬ್ಬಿ. ಆದರೂ ಕೇಳಬೇಕು. ನೀವು ನಾಲ್ವರನ್ನ ಬಿಟ್ಟು ನಿಮ್ಮ ಮನೆಯಲ್ಲಿ ಬಹಳ ವರ್ಷ ಉಂಡವರು ಬೇರೆ ಯಾರಾದ್ರೂ ಇದ್ದಾರಾ?”

ದಾಕ್ಷಾಯಣಿಗೆ ನಗು ಬಂತು. ಭರಮಣ್ಣನಿಂದ ಶುರುಮಾಡಿ ಎಲೆ ಬಿದ್ದ ಕ್ರಮದಲ್ಲೇ ಮುಖಗಳು ಕಣ್ಣೆದುರು ಕೂತವು. ಗಂಡ ಯಾರ ಹೆಸರು ಮೊದಲು ಹೇಳುತ್ತಾನೋ ಎಂದು ಅವನ ತಲೆಯ ಹಿಂಭಾಗವನ್ನೇ ನೋಡಿದಳು.

“ಇಲ್ಲ,” ಎಂದ ಬಕ್ಕೇಶಪ್ಪ. “ಯಾರೂ ಇಲ್ಲ.”

ಮನೆಗೆ ಬಂದಮೇಲೆ ಅಪ್ಪಮಗನ ಮಾತು ಪಡಸಾಲೆಯಲ್ಲಿ ನಡೆಯಿತು. ಒಳಗೆ ಹಿಟ್ಟು ನಾದುತ್ತಿದ್ದ ದಾಕ್ಷಾಯಣಿಗೆ ಒಂದಕ್ಷರ ಬಿಡದೆ ಕೇಳುತ್ತಿತ್ತು.

“ಅಪ್ಪಾಜಿ, ನಿಮಗೆ ಎಂಬತ್ತಾರು.”

“ಗೊತ್ತು. ಹುಟ್ಟಿದ್ದು ನಾನೇ.”

“ನೀವು, ಅವ್ವ ಸೇರಿದ್ರೆ ಮೂರ್ನಾಲ್ಕು ವರ್ಷಕ್ಕೆ ಸಾಕಾಗುತ್ತಂತೆ. ಉಳಿದಿರೋದು ಎಷ್ಟು ಮಹಾ?”

“ಎಷ್ಟಾದರೂ ಇರಲಿ. ಎಲೆ ಮೇಲಿನ ಕಡೇ ತುತ್ತು ಅದು, ರುಚಿ ಅಲ್ಲೇ ಇರೋದು. ನಿನಗೆ ಬದುಕು ರುಚಿ ಅಂದ್ರೆ ನನಗೇನು ಸಪ್ಪೆನಾ?”

“ಹೆತ್ತವರು ಆಡೋ ಮಾತಾ ಇದು?”

“ಹೆತ್ತಿದ್ದೀನಿ, ಓದಿಸಿದ್ದೀನಿ, ಮನೆ ಕೊಟ್ಟಿದ್ದೀನಿ. ಸಾಯೋದನ್ನೂ ನಾನೇ ಮಾಡಿಕೊಡಬೇಕಂದ್ರೆ ನೀನು ಮಾಡೋದೇನಪ್ಪ?”

ಗೌರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. “ನಾನು ಕೊಡ್ತಿದ್ದೆ ಕಣೋ ಬಕ್ಕೇಶಿ. ಆದ್ರೆ ಉಳವಿ ಜಾತ್ರೆಗೆ ಬರ್ತೀನಂತ ಹರಕೆ ಹೊತ್ತೀನಿ. ಹರಕೆ ಬಾಕಿ ಇಟ್ಕೊಂಡು ಹೋದ್ರೆ ನಿನಗೇ ಒಳ್ಳೇದಲ್ಲ.”

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಮೂವರೂ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು.

“ಹೋದ ವರ್ಷ ಅವಳೇ ಅಂದಿದ್ದಳಲ್ಲ,” ಎಂದ ಹಾಲಪ್ಪ, ಯಾರಿಗೂ ಹೇಳದವನಂತೆ.

ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಡಾಕ್ಟರು ಹತ್ತು ಜನ ಅಂದ್ರಲ್ಲ. ಭರಮಣ್ಣನಿಗೆ ಒಂದು ಮಾತು...”

“ದಾಕ್ಷಿ!” ಬಕ್ಕೇಶಪ್ಪ ಕೂತಲ್ಲಿಂದ ಎದ್ದ, ಎದ್ದ ಆಯಾಸಕ್ಕೆ ಕಂಬ ಹಿಡಿದ. “ಉಂಡೋರನ್ನ ಕೇಳೋದಾ? ಇಟ್ಟ ಅನ್ನ ವಾಪಸ್ ಕೊಡಿ ಅಂದಂಗಲ್ವಾ ಅದು? ನಾನು ಸತ್ತರೆ ಒಬ್ಬ ಸಾಯ್ತೀನಿ. ಅದನ್ನ ಕೇಳಿದ್ರೆ ನಾಲ್ಕು ತಲೆಮಾರು ಸಾಯುತ್ತೆ.”

ಮಾತು ಚೆನ್ನಾಗಿತ್ತು. ಅವನ ಮಾತುಗಳು ಯಾವಾಗಲೂ ಚೆನ್ನಾಗಿರುತ್ತಿದ್ದವು. ಅವಳು ಅವನ ಬಿಳಿಚಿದ ತುಟಿಯನ್ನು ನೋಡಿದಳು. ಇಷ್ಟು ವರ್ಷ ಕೇಳದೆ ಬಡಿಸಿದ ಕೈ ಅವಳದು. ಬೇರೆ ಏನು ಮಾಡಬೇಕೆಂದು ಆ ಕೈಗೆ ಗೊತ್ತಿರಲಿಲ್ಲ.

“ಹಂಗಾದ್ರೆ ನಾನೇ ಕೊಡ್ತೀನಿ,” ಎಂದಳು.

ಹೇಳಿ ಕಾದಳು. ಅವಳು ಕಾದದ್ದು ಒಂದೇ ಒಂದು ಪದಕ್ಕೆ. ಬೇಡ ಎನ್ನುತ್ತಾನೆ, ಬೇಡ, ಭರಮಣ್ಣನಿಗೇ ಫೋನ್ ಮಾಡೋಣ ಎನ್ನುತ್ತಾನೆ. ಬಕ್ಕೇಶಪ್ಪ ಅತ್ತ. ಹಿಟ್ಟು ಮೆತ್ತಿದ ಅವಳ ಕೈಗಳನ್ನು ಹಿಡಿದುಕೊಂಡು ಅತ್ತ. ಇಂಥ ಹೆಂಡತಿ ಯಾವ ಜನ್ಮದ ಪುಣ್ಯ ಎಂದ. ಅವಳ ಫೋಟೋಕ್ಕೆ ದಿನಾ ತಾನೇ ದೀಪ ಹಚ್ಚುತ್ತೇನೆ, ಬೇರೆ ಹೆಂಗಸನ್ನು ಮನೆ ಹೊಸಿಲು ತುಳಿಸುವುದಿಲ್ಲ ಎಂದ. ಎಲ್ಲವನ್ನೂ ಹೇಳಿದ.

ತೂಬಿನ ಕೋಣೆಯಲ್ಲಿ ಅಕ್ಕಪಕ್ಕ ಎರಡು ಮಂಚ. ನಡುವೆ, ಗೌರಮ್ಮನ ದೊಡ್ಡ ಕಡಗೋಲಿನ ಎತ್ತರದ, ಸದಾ ಗುಂಯ್‌ಗುಡುವ ಒಂದು ಬಿಳಿ ಕಂಬ. ಕೊಡುವವರು ಬಾಯಿಬಿಟ್ಟು ಹೇಳಬೇಕೆಂಬುದು ಕಾನೂನು. ಅದಕ್ಕಾಗಿ ಡಾಕ್ಟರ್ ತಸ್ನೀಮ್ ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು.

“ದಾಕ್ಷಾಯಣಿಯವರೇ, ಯಾರಾದರೂ ಬಲವಂತ ಮಾಡಿದ್ದಾರಾ?”

“ಇಲ್ಲ.”

“ನಿಜವಾಗಿ ನಿಮ್ಮ ಮನೆಯಲ್ಲಿ ಉಂಡವರು ಬೇರೆ ಯಾರೂ ಇಲ್ವಾ?”

ಬಾಗಿಲಿನ ಗಾಜಿನಾಚೆ ಬಕ್ಕೇಶಪ್ಪನ ಬೆನ್ನು ಕಾಣುತ್ತಿತ್ತು. ಒಂದು ಹೆಸರು ಸಾಕಿತ್ತು. ಆದರೆ ಆ ಹೆಸರು ಅವಳ ಬಾಯಿಂದ ಬಂದರೆ ಅವಳು ಜೀವಕ್ಕೆ ಹೆದರಿ ಮನೆಯ ಮಾನ ಕಳೆದವಳು. ಅವನ ಬಾಯಿಂದ ಬಂದರೆ ಅವನು ಹೆಂಡತಿಯನ್ನು ಉಳಿಸಿಕೊಂಡವನು. ಅದು ಅವನದೇ ಬಾಯಿಂದ ಬರಬೇಕು. ಬಾಗಿಲು ತೆರೆದು ಬರಲು ಅವನಿಗೆ ಇನ್ನೂ ಹೊತ್ತಿದೆ. ಎರಡು ಹೆಜ್ಜೆ ಅಷ್ಟೆ.

“ಯಜಮಾನ್ರು ಹೇಳಿದಾರಲ್ಲ,” ಎಂದಳು.

ಬಾಗಿಲು ತೆರೆಯಿತು. ಬಕ್ಕೇಶಪ್ಪನನ್ನು ಒಳಗೆ ಕರೆದು ಪಕ್ಕದ ಮಂಚದ ಮೇಲೆ ಮಲಗಿಸಿದರು. ಮದ್ದಿನ ಮತ್ತು ಏರುವ ಮುಂಚೆ ಅವಳು ಕೊನೆಗೆ ಕೇಳಿದ್ದು ಅವನ ದನಿಯನ್ನು. ಅವನು ನರ್ಸಿಗೆ, “ಇವತ್ತು ಮಧ್ಯಾಹ್ನ ನೀವೆಲ್ಲ ನಮ್ಮನೆಗೇ ಊಟಕ್ಕೆ ಬರಬೇಕು,” ಎನ್ನುತ್ತಿದ್ದ.

ಎಚ್ಚರವಾದಾಗ ಯಾರೋ ಎತ್ತಿನಂತೆ ಗುಟುರು ಹಾಕುತ್ತಿದ್ದರು. ಯಮನೇ ಇರಬೇಕು, ಕೋಣ ಬಿಟ್ಟು ತಾನೇ ಕೂಗುತ್ತಿದ್ದಾನೆ ಎಂದುಕೊಂಡಳು. ಕಣ್ಣು ಬಿಟ್ಟರೆ ಭರಮಣ್ಣ. ತೋಳಿಗೆ ಪಟ್ಟಿ ಕಟ್ಟಿತ್ತು, ಆಸ್ಪತ್ರೆಯ ಮಂಚ ಅವನ ಭಾರಕ್ಕೆ ನಡುವಲ್ಲಿ ಬಾಗಿತ್ತು. “ರೋಗಿಗೆ ರಾಗಿ ಗಂಜಿ ಬೇಡ, ಟ್ಯೂಬು ಸಾಕು ಅನ್ನೋಕೆ ನೀನು ಯಾವ ಸೀಮೆ ನರ್ಸಮ್ಮಾ?” ಎಂದು ಜಗಳಕ್ಕೆ ನಿಂತಿದ್ದ.

ನಡೆದದ್ದನ್ನು ಅವನೇ ಹೇಳಿದ. ಹತ್ತಿರಹತ್ತಿರ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನು ಮನೆಗೆ ಹೋಗಿದ್ದಾನೆ. ಬಕ್ಕೇಶಪ್ಪ ಕೆಂಪುಕೆಂಪಾಗಿ, ಮದುಮಗನ ಹಾಗೆ, ಬಾಗಿಲಿಗೇ ಬಂದು ಕರೆದಿದ್ದಾನೆ. ಅಕ್ಕ ಎಲ್ಲಿ ಎಂದರೆ, “ತವರಿಗೆ ಹೋಗ್ಯಾಳೆ, ನೀನು ಮೊದಲು ಕೂತ್ಕೋ.” ಉಣ್ಣಲು ಬಂದವರಿಗೆ ಉಂಡು ಏಳುವ ತನಕ ಕೆಟ್ಟ ಸುದ್ದಿ ಹೇಳಬಾರದಲ್ಲ.

“ಕೂತೆ ಅಕ್ಕ. ನಗ್ತಾ ನಗ್ತಾ ಉಂಡೆ. ನನ್ನ ಕುಸ್ತಿ ಕಥೆ ಎಲ್ಲ ಹೇಳಿದೆ. ಆದ್ರೆ ರೊಟ್ಟಿ ದಪ್ಪ, ಅಂಚು ಸೀಳಿತ್ತು. ‘ಇದು ಅಕ್ಕನ ಕೈದಲ್ಲ, ತವರಿಗೆ ಹೋಗೋವಾಗ ಹಿಟ್ಟಿನ ಕೈ ಯಾರಿಗೆ ಕೊಟ್ಟು ಹೋದ್ಲು?’ ಅಂದೆ ತಮಾಷೆಗೆ. ಗೌರಮ್ಮಜ್ಜಿ ಗೊಳೋ ಅಂತ ಅತ್ತು ಎಲ್ಲ ಹೇಳಿಬಿಡ್ತು.” ಅವನು ಮೂಗು ಒರೆಸಿಕೊಂಡ. “ಎಲೆ ಬಿಟ್ಟು ಎದ್ದೆ. ಆ ಮನೇಲಿ ಎಲೆ ಬಿಟ್ಟು ಎದ್ದಿದ್ದು ಅದೇ ಮೊದಲು.”

ನೇರ ಇಲ್ಲಿಗೆ ಬಂದು ತಂಪುಕೋಣೆಯ ಬಾಗಿಲಿಗೆ ಅಡ್ಡ ಕೂತನಂತೆ. ಡಾಕ್ಟರು, ಒಬ್ಬರದು ಸಾಲದು, ಇನ್ನೂ ಜನ ಬೇಕು ಎಂದಾಗ ಪಂಕ್ತಿಯಲ್ಲಿ ಉಂಡವರಿಗೆಲ್ಲ ಫೋನ್ ಹಚ್ಚಿದನಂತೆ. ತಹಶೀಲ್ದಾರರು ಮೀಟಿಂಗಿನಲ್ಲಿದ್ದರು. ವಕೀಲರು ವಿಷಯ ಕೇಳಿ ಇಟ್ಟ ಫೋನು ಆಮೇಲೆ ಹತ್ತಲೇ ಇಲ್ಲ. ಆದರೂ ಏಳು ಜನ ಬಂದರು. ಏಳನೆಯವನನ್ನು ಭರಮಣ್ಣ ಕತ್ತಿನ ಪಟ್ಟಿ ಹಿಡಿದು ತಂದಿದ್ದ, ಆದರೆ ಬಂದಮೇಲೆ ಅವನು ಅತ್ತು, ತಾನಾಗಿಯೇ ಕೊಟ್ಟ. ಕೈಲಾದಷ್ಟು ಕೊಟ್ಟರು. ಎಲ್ಲ ಸೇರಿ ಎಂಟೊಂಬತ್ತು ವರ್ಷ ಆದೀತು ಎಂದರು ಡಾಕ್ಟರ್ ತಸ್ನೀಮ್.

ಭರಮಣ್ಣ ಗಂಜಿ ಹುಡುಕಿಕೊಂಡು ಹೋದಾಗ ಡಾಕ್ಟರ್ ಮಂಚದ ಅಂಚಿಗೆ ಕೂತರು.

“ನಾನು ಎರಡು ಸಲ ಕೇಳಿದ್ದೆ,” ಎಂದರು.

“ಹೌದು.”

“ಗ್ರೀಕರಲ್ಲಿ ಹೀಗೇ ಒಂದು ಹಳೇ ಕಥೆ ಇದೆ. ಒಬ್ಬ ರಾಣಿ ಗಂಡನ ಬದಲು ಸಾಯ್ತಾಳೆ. ಮನೆಗೆ ಬಂದ ಅತಿಥಿ, ಭಾರೀ ಪೈಲ್ವಾನ, ಸಾವಿನ ಜೊತೆ ಕುಸ್ತಿ ಮಾಡಿ ಅವಳನ್ನ ವಾಪಸ್ ತರ್ತಾನೆ. ಗಂಡನಿಗೆ ಸಂತೋಷವೋ ಸಂತೋಷ. ಆದರೆ ಅವಳು ಮಾತಾಡಲ್ಲ. ಮೂರು ದಿನ ಮಾತಾಡಬಾರದು, ಏನೋ ಶಾಸ್ತ್ರ ಅಂತ ಹೇಳಿ ಕಥೆ ಮುಗಿಸಿಬಿಡ್ತಾರೆ.”

“ನಾಲ್ಕನೇ ದಿನ ಏನಂದ್ಲಂತೆ?”

“ಅದನ್ನ ಬರೆದಿಲ್ಲ.”

“ಬರೆದೋನು ಗಂಡಸಿರಬೇಕು,” ಎಂದಳು ದಾಕ್ಷಾಯಣಿ. ಆಮೇಲೆ ಕೇಳಿದಳು: “ಡಾಕ್ಟ್ರೇ, ನನ್ನದು ಅವರ ಮೈಯಲ್ಲಿ ಐತಲ್ಲ. ಅರ್ಧ ವಾಪಸ್ ತೆಗೀಬಹುದಾ?”

“ಅವರು ಒಪ್ಪಿದರೆ. ಬಾಯಿಬಿಟ್ಟು ಹೇಳಬೇಕು.”

“ಅವರಿಗೆ ಏನಾದ್ರೂ ಆಗುತ್ತಾ?”

“ಇಲ್ಲ. ಈಗ ಬೇರು ಹಿಡಿದಿದೆ, ನಿಮ್ಮದು ಮೂವತ್ತರ ಹತ್ತಿರ ಹೋಗಿದೆ. ಅರ್ಧ ಉಳಿದರೂ ಎಪ್ಪತ್ತು ಕಾಣ್ತಾರೆ. ನಿಮಗೂ ಅಷ್ಟೇ ಸಿಗುತ್ತೆ.”

ದಾಕ್ಷಾಯಣಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಲ್ಲಿಂದ ಅವಳು ಮಾತಾಡಲಿಲ್ಲ.

ಮನೆಯ ಪಡಸಾಲೆಯಲ್ಲಿ ಅವಳ ಫೋಟೋ ತೂಗುಹಾಕಿತ್ತು. ಗಂಧದ ಹಾರ, ಸುತ್ತ ಮಿಣುಕುವ ಬಣ್ಣದ ದೀಪ. ಭರಮಣ್ಣ ಉಣ್ಣಲು ಬಂದ ದಿನ ಅದನ್ನು ಒಳಗೆ ಬಚ್ಚಿಟ್ಟಿದ್ದರಂತೆ. ಅವಳು ಅದರ ಕೆಳಗೇ ನಿಂತು ನೋಡಿದಳು. ಗಡಿಬಿಡಿಯಲ್ಲಿ ಹಾರ ತೆಗೆದರು. ದೀಪದ ಸ್ವಿಚ್ಚು ಯಾವುದೆಂದು ಯಾರಿಗೂ ಗೊತ್ತಾಗದೆ ಅದು ಮಿಣುಕುತ್ತಲೇ ಉಳಿಯಿತು. ಬಕ್ಕೇಶಪ್ಪನ ಆನಂದ ನಿಜವಾದದ್ದೇ. ಅವನು ಅವಳಿಗೆ ಹಾಲು ತಂದುಕೊಟ್ಟ, ಕಾಲಿಗೆ ಎಣ್ಣೆ ಹಚ್ಚಲು ಬಂದ, ನೋಡಲು ಬಂದವರಿಗೆಲ್ಲ, “ನಮ್ಮ ಮನೆ ದಾಸೋಹ ಅವಳನ್ನ ವಾಪಸ್ ಕರ್ಕೊಂಡು ಬಂತು,” ಎಂದು ಹೇಳಿದ. ಹೇಳುವಾಗ ಕಣ್ಣು ತುಂಬಿಕೊಳ್ಳುತ್ತಿತ್ತು. ಅವಳ ಮೌನಕ್ಕೂ ಕಾರಣ ಅವನೇ ಒದಗಿಸಿದ: “ಸಾವಿನ ಮನೆ ನೋಡಿ ಬಂದೋಳು. ಮೂರು ದಿನ ಬಿಡ್ರಿ, ಸರಿಹೋಗ್ತಾಳೆ.”

“ಆ ತಂಪಿಗೆ ಗಂಟಲು ಕಟ್ಟಿರಬೇಕು,” ಎಂದಳು ಗೌರಮ್ಮ, ಮೆಣಸಿನ ಕಷಾಯ ಮುಂದಿಟ್ಟು. ದಾಕ್ಷಾಯಣಿ ಕಷಾಯ ಕುಡಿದಳು. ಅಡುಗೆಮನೆಯ ಕಡೆ ಮಾತ್ರ ಹೋಗಲಿಲ್ಲ.

ಮೂರು ದಿನ ಕಳೆದ ಮಾರನೇ ದಿನ ಬಕ್ಕೇಶಪ್ಪ ದೊಡ್ಡ ಊಟ ಇಟ್ಟ. ಆಸ್ಪತ್ರೆಗೆ ಬಂದ ಏಳು ಜನ, ಬಾರದೆ ಹೋದ ತಹಶೀಲ್ದಾರರು, ವಕೀಲರು, ಓದುವ ಹುಡುಗರು, ಡಾಕ್ಟರ್ ತಸ್ನೀಮ್ — ಎರಡು ಸಾಲು ಮೂರಾಯಿತು. ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ದಾಕ್ಷಾಯಣಿ ಇಳಕಲ್ ಸೀರೆ ಉಟ್ಟು ಹೊರಗೆ ಬಂದಾಗ ಜನ ಕೈ ಮುಗಿದರು. ಬಡಿಸಲು ಬಂದಳು ಎಂದುಕೊಂಡು ಹುಡುಗನೊಬ್ಬ ರೊಟ್ಟಿಯ ಬುಟ್ಟಿ ಮುಂದೆ ಹಿಡಿದ. ಅವಳು ಅದನ್ನು ದಾಟಿಕೊಂಡು ಹೋಗಿ ಭರಮಣ್ಣನ ಪಕ್ಕದ ಎಲೆಯ ಮುಂದೆ ಕೂತಳು.

ಆ ಮನೆಯ ಹೆಂಗಸೊಬ್ಬಳು ಪಂಕ್ತಿಯಲ್ಲಿ ಕೂತದ್ದನ್ನು ನೋಡಿದವರು ಯಾರೂ ಇರಲಿಲ್ಲ. ಬಕ್ಕೇಶಪ್ಪ ಜೋರಾಗಿ ನಕ್ಕ. “ಕೂತ್ಕೋ ದಾಕ್ಷಿ, ಕೂತ್ಕೋ! ಇವತ್ತು ನಾನೇ ಬಡಿಸ್ತೀನಿ.” ಸೊಂಟಕ್ಕೆ ಟವೆಲ್ ಬಿಗಿದು ಬುಟ್ಟಿ ಎತ್ತಿಕೊಂಡ. ಜನ ಭೇಷ್ ಎಂದರು.

ಅವಳು ಹೊಟ್ಟೆತುಂಬ ಉಂಡಳು. ಅವಸರ ಮಾಡಲಿಲ್ಲ. ಬಕ್ಕೇಶಪ್ಪ ಎರಡನೇ ಸುತ್ತು ಬಂದು ಕೇಳದೆಯೇ ಅವಳ ಎಲೆಗೆ ಇನ್ನೊಂದು ರೊಟ್ಟಿ ಹಾಕಿದ.

“ಒಂದು ಕೇಳ್ತೀನಿ,” ಎಂದಳು ದಾಕ್ಷಾಯಣಿ.

“ಅಗೋ, ಮಾತು ಬಂತು!” ಗೌರಮ್ಮ ಕೂಗಿದಳು.

“ಕೇಳು ದಾಕ್ಷಿ! ಈ ಮನೇಲಿ ಪಂಕ್ತೀಲಿ ಕೂತೋರು ಕೇಳಿದ್ದಕ್ಕೆ ಇಲ್ಲ ಅಂದಿದ್ದೇ ಇಲ್ಲ.” ಬಕ್ಕೇಶಪ್ಪ ಮೂರೂ ಸಾಲಿಗೆ ಕೇಳುವಂತೆ ಹೇಳಿದ.

“ನಾನು ಕೊಟ್ಟಿದ್ದರಲ್ಲಿ ಅರ್ಧ ವಾಪಸ್ ಬೇಕು. ಅರ್ಧ ನಿಮಗೇ ಇರಲಿ. ಡಾಕ್ಟರು ಇಲ್ಲೇ ಇದಾರೆ, ಆಗುತ್ತಂತೆ. ಕೊಡ್ತೀರಾ?”

ಅವನ ನಗು ಹೋಗಲಿಲ್ಲ. ಎಲ್ಲಿ ಹೋಗಬೇಕೆಂದು ಗೊತ್ತಾಗದೆ ಮುಖದ ಮೇಲೇ ಉಳಿಯಿತು. ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಡಾಕ್ಟರ್ ತಸ್ನೀಮ್ ಎಲೆ ನೋಡುತ್ತಿದ್ದರು. ಫೋಟೋದ ಸುತ್ತ ದೀಪ ಮಿಣುಕುತ್ತಿತ್ತು.

ಮೂಲೆಯ ಕುರ್ಚಿಯಿಂದ ಹಾಲಪ್ಪ ಕೆಮ್ಮಿದ. “ಪಂಕ್ತಿ ಕಟ್ಟಳೆ ಹೊರಗಿನೋರಿಗೆ. ಮನೆ ಹೆಂಗಸು ಕೂತರೆ ಅದು ಪಂಕ್ತಿ ಆಗಲ್ಲ. ನಮ್ಮಜ್ಜನ ಕಾಲದಿಂದ ಹಂಗೇ.”

ಬಕ್ಕೇಶಪ್ಪ ಅಪ್ಪನನ್ನು ನೋಡಿದ. ಅಷ್ಟು ಕೃತಜ್ಞತೆಯಿಂದ ಅವನು ಅಪ್ಪನನ್ನು ನೋಡಿದ್ದನ್ನು ದಾಕ್ಷಾಯಣಿ ಹಿಂದೆಂದೂ ಕಂಡಿರಲಿಲ್ಲ.

“ಅಪ್ಪಾಜಿ ಹೇಳೋದೂ ಸರೀನೇ,” ಎಂದ. “ನೋಡೋಣ ದಾಕ್ಷಿ. ಈಗ ಊಟದ ಹೊತ್ತಲ್ಲಿ ಯಾಕೆ? ಯೋಚನೆ ಮಾಡೋಣ. ಇನ್ನೊಂದು ಹೋಳಿಗೆ...” ಅಲ್ಲಿಗೆ ನಿಂತು, ಬಾಯಿ ತಪ್ಪಿ, ಅವನು ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದ: “ಹಾಕಲಾ?”

“ಬೇಡ,” ಎಂದಳು ಅವಳು.

ಭರಮಣ್ಣ ತನ್ನ ಮುತ್ತುಗದ ಎಲೆಯನ್ನು, ಅದರ ಮೇಲಿನ ಅರ್ಧ ಹೋಳಿಗೆಯ ಸಮೇತ, ನಡುವಿಗೆ ಮಡಚಿದ. ಅವನ ಆಚೆಯವನು ಮಡಚಿದ. ಸಾಲಿನುದ್ದಕ್ಕೂ ಒಣ ಎಲೆ ಮುರಿಯುವ ಸದ್ದು ಹೋಯಿತು. ತಹಶೀಲ್ದಾರರು ಅತ್ತಿತ್ತ ನೋಡಿ, ಹೋಳಿಗೆ ಮುಗಿಸಿ, ಆಮೇಲೆ ಮಡಚಿದರು.

ಬಕ್ಕೇಶಪ್ಪ ಕೊಡಲಿಲ್ಲ. ದಾಕ್ಷಾಯಣಿ ಈಗ ಹರಿಹರದಲ್ಲಿ, ಭರಮಣ್ಣನ ಗರಡಿಮನೆಯ ಹಿಂದಿನ ಎರಡು ಕೋಣೆಯಲ್ಲಿದ್ದಾಳೆ. ಒಬ್ಬಳಿಗೆ ಸಾಕಾಗುವಷ್ಟು ರೊಟ್ಟಿ ತಟ್ಟುತ್ತಾಳೆ. ಅಣಜಿಯವರ ಪಡಸಾಲೆಗೆ ಉಣ್ಣಲು ಯಾರೂ ಬರುವುದಿಲ್ಲ. ಕಿಟಕಿಗೆ ಮೂರು ಡಬ್ಬಿ ಬರುತ್ತವೆ. ಬಕ್ಕೇಶಪ್ಪನ ಆರೋಗ್ಯ ಚೆನ್ನಾಗಿದೆ.